ಹೇಳಿದವರನ್ನು ನಂಬಬಹುದಾ, ಯಾರ ಕಡೆ ವಾಲಿದ್ದಾರೆ, ಹೇಳಿದ್ದು ನಿಜವಾ: ಮೂರನ್ನೂ ಬೇರೆ ಬೇರೆಯಾಗಿ ಕೇಳುವುದು ಹೇಗೆ

ನಾನು ಕೆಲಸ ಮಾಡುವ ಗ್ರಂಥಾಲಯ ಇರುವುದು ಬೆಂಗಳೂರಿನ ವಿಜಯನಗರದ ಕಡೆ. ಸುತ್ತಮುತ್ತ ಕೋಚಿಂಗ್ ಸೆಂಟರು, ಪಿಜಿ, ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ರಾಯಚೂರು, ಕಲಬುರಗಿ, ಹಾವೇರಿ, ಚಾಮರಾಜನಗರದ ಹುಡುಗ ಹುಡುಗಿಯರು ಬ್ಯಾಗು ಹಾಕಿಕೊಂಡು ಕಾಯುತ್ತಿರುತ್ತಾರೆ. ಕೆಎಎಸ್, ಪಿಡಿಒ, ಎಫ್‌ಡಿಎ, ಪಿಎಸ್‌ಐ ಅಂತ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್, ಗೈಡಿನ ಪುಟ, ಪೇಪರ್ ಕಟಿಂಗು ಏನಾದರೊಂದನ್ನು ಹಿಡಿದುಕೊಂಡು ಕೌಂಟರಿಗೆ ಬಂದು ಅವರು ಕೇಳುವುದು ಮಾತ್ರ ಒಂದೇ: “ಮೇಡಂ, ಇದನ್ನ ನಂಬಬಹುದಾ?”

ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆ ಅಡಗಿವೆ. ಹೇಳಿದವರು ಯಾರು, ಅವರ ಮಾತಿಗೆ ಇದುವರೆಗೆ ಎಷ್ಟು ಬೆಲೆ ಇದೆ ಅನ್ನುವುದು ಒಂದು. ಹೇಳುವಾಗ ಯಾರ ಕಡೆ ವಾಲಿದ್ದಾರೆ ಅನ್ನುವುದು ಇನ್ನೊಂದು. ಹೇಳಿದ ಸಂಗತಿ ಹಾಗೇ ಇದೆಯೋ ಇಲ್ಲವೋ ಅನ್ನುವುದು ಮೂರನೆಯದು. ಮೊದಲನೆಯದನ್ನು ಹೇಳಿದವರ ಬಗ್ಗೆ ಕೇಳಬೇಕು, ಎರಡನೆಯದನ್ನು ಹೇಳಿದ ರೀತಿಯ ಬಗ್ಗೆ, ಮೂರನೆಯದನ್ನು ಆ ಒಂದೇ ಒಂದು ವಾಕ್ಯದ ಬಗ್ಗೆ. ಮೂರನ್ನೂ ಕಲಸಿಬಿಟ್ಟರೆ ‘ಪೇಪರಲ್ಲಿ ಬಂದಿದೆ, ಅದಕ್ಕೆ ನಿಜ’ ಅಂತಲೋ, ‘ಇಬ್ಬರ ಮಾತನ್ನೂ ಹಾಕಿದ್ದಾರೆ, ಅದಕ್ಕೆ ನಿಜ’ ಅಂತಲೋ, ‘ಅವರು ಆ ಪಕ್ಷದವರು, ಅದಕ್ಕೆ ಸುಳ್ಳು’ ಅಂತಲೋ ತೀರ್ಮಾನ ಮಾಡಿಬಿಡುತ್ತೇವೆ. ಈ ಮೂರು ತೀರ್ಮಾನಕ್ಕೂ ಬುಡ ಇಲ್ಲ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ವಾಕ್ಯ ಬರೆದುಕೊಳ್ಳಿ

ಮೂಲದ ಬಗ್ಗೆ ಯೋಚಿಸುವ ಮುಂಚೆ, ನಿಮಗೆ ತಿಳಿಯಬೇಕಾದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಯಾರು, ಎಲ್ಲಿ, ಯಾವಾಗ, ಎಷ್ಟು ಅನ್ನುವುದೆಲ್ಲ ಅದರಲ್ಲಿ ಇರಲಿ. ‘ಬೆಂಗಳೂರಿನ ಜನಸಂಖ್ಯೆ’ ಅಂತಷ್ಟೇ ಬರೆದರೆ ಸಾಲದು. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 96,21,551. ಅದೇ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84,43,675. ಎರಡೂ ಒಂದೇ ಇಲಾಖೆ ಎಣಿಸಿದ್ದು, ಎರಡೂ ಸರಿ. ನಮ್ಮ ಓದುವ ಕೋಣೆಯಲ್ಲಿ ಇಬ್ಬರು ಇವೆರಡು ಅಂಕಿ ಹಿಡಿದುಕೊಂಡು ‘ನಿನ್ನ ಗೈಡು ತಪ್ಪು, ನನ್ನ ಗೈಡು ಸರಿ’ ಅಂತ ವಾದಕ್ಕೆ ಬಿದ್ದಿದ್ದರು. ತೆಗೆದು ನೋಡಿದರೆ ಒಂದು ಗೈಡು ‘ಜಿಲ್ಲೆ’ ಅನ್ನುವುದನ್ನು ಬಿಟ್ಟಿತ್ತು, ಇನ್ನೊಂದು ‘ಪಾಲಿಕೆ’ ಅನ್ನುವುದನ್ನು ಬಿಟ್ಟಿತ್ತು. ಇನ್ನು ಒಂದೂಕಾಲು ಕೋಟಿ, ಒಂದೂವರೆ ಕೋಟಿ ಅಂತ ಓಡಾಡುವುದೆಲ್ಲ ಅಂದಾಜು. 2021ರಲ್ಲಿ ಆಗಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಅಂದಾಜು ಮಾಡುವುದು ತಪ್ಪಲ್ಲ, ಅಂದಾಜನ್ನು ಎಣಿಕೆ ಅಂತ ಬರೆಯುವುದು ತಪ್ಪು.

ಮಳೆಯದೂ ಹಾಗೆಯೇ. ಹವಾಮಾನ ಇಲಾಖೆಗೆ ಬೆಂಗಳೂರಿನಲ್ಲಿ ಒಂದೇ ಮಳೆಮಾಪಕ ಇಲ್ಲ. ನಗರದ ವೀಕ್ಷಣಾಲಯದ ಅಂಕಿ ಬೇರೆ, ಎಚ್‌ಎಎಲ್ ವಿಮಾನ ನಿಲ್ದಾಣದ್ದು ಬೇರೆ, ದೇವನಹಳ್ಳಿ ಕಡೆಯ ಕೆಂಪೇಗೌಡ ನಿಲ್ದಾಣದ್ದು ಬೇರೆ. ದಿನದ ಲೆಕ್ಕ ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಬೆಳಿಗ್ಗೆ ಎಂಟೂವರೆಗೆ. ಇದು ಗೊತ್ತಿಲ್ಲದವರಿಗೆ ಎರಡು ಪತ್ರಿಕೆಯಲ್ಲಿ ಎರಡು ಅಂಕಿ ಕಂಡ ಕೂಡಲೇ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸುತ್ತದೆ. 2024ರ ಜೂನ್ 2ರಂದು 111.1 ಮಿಲಿಮೀಟರ್ ಮಳೆಯಾಗಿ, 1891ರಿಂದ ಉಳಿದಿದ್ದ ಜೂನ್ ತಿಂಗಳ ಒಂದು ದಿನದ ದಾಖಲೆ ಮುರಿಯಿತಲ್ಲ, ಅದು ನಗರದ ವೀಕ್ಷಣಾಲಯದ ಲೆಕ್ಕ. ಅದೇ ದಿನ ನಿಮ್ಮ ಏರಿಯಾದಲ್ಲಿ ಅಷ್ಟು ಸುರಿಯದೇ ಇದ್ದಿರಬಹುದು.

ನಂಬಿಕಸ್ಥ ಮೂಲ ಯಾವುದು

ಒಂದು ಮೂಲ ನಂಬಿಕಸ್ಥ ಆಗುವುದು ಅದು ಕೆಲಸ ಮಾಡುವ ಕ್ರಮದಿಂದ. ಬರೆದವರ ಹೆಸರು, ಪ್ರಕಟಿಸಿದವರ ವಿಳಾಸ ಇದೆಯಾ? ಎಲ್ಲಿಂದ ತಿಳಿದುಕೊಂಡರು ಅಂತ ಹೇಳಿದ್ದಾರಾ? ಅಚ್ಚಿಗೆ ಹೋಗುವ ಮುಂಚೆ ಇನ್ನೊಬ್ಬರು ನೋಡುವ ಪದ್ಧತಿ ಇದೆಯಾ? ತಪ್ಪಾದಾಗ ‘ತಿದ್ದುಪಡಿ’ ಅಂತ ಹಾಕುತ್ತಾರಾ, ಇಲ್ಲಾ ಸದ್ದಿಲ್ಲದೆ ಅಳಿಸಿಬಿಡುತ್ತಾರಾ? ನಾನು ಕೊನೆಯದಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ತಿದ್ದುಪಡಿ ಹಾಕುವ ಪತ್ರಿಕೆಯನ್ನು ಜನ ‘ನೋಡಿ, ಅವರದೇ ತಪ್ಪು’ ಅಂತ ಆಡಿಕೊಳ್ಳುತ್ತಾರೆ. ಆದರೆ ಯಾವತ್ತೂ ತಿದ್ದುಪಡಿಯನ್ನೇ ಹಾಕದವರು ತಪ್ಪು ಮಾಡಿಲ್ಲ ಅಂತ ಅರ್ಥವಲ್ಲ, ನಮಗೆ ಹೇಳಿಲ್ಲ ಅಂತ ಅರ್ಥ.

ಇನ್ನೊಂದು ವಿಷಯವನ್ನು ಮಕ್ಕಳು ಬೇಗ ಮರೆಯುತ್ತಾರೆ. ನಂಬಿಕೆ ಎನ್ನುವುದು ಒಂದು ವಿಷಯಕ್ಕೆ ಸಂಬಂಧಪಟ್ಟದ್ದು. ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್ಟಿನಲ್ಲಿ, ಒಂದು ಆದೇಶ ಪ್ರಕಟವಾಗಿದೆ ಅಂದರೆ, ಆ ಆದೇಶ ಹೊರಟಿದ್ದಕ್ಕೆ ಅದಕ್ಕಿಂತ ಗಟ್ಟಿ ಆಧಾರ ಇನ್ನೊಂದಿಲ್ಲ. ಆದೇಶದ ಪ್ರಕಾರ ಕೆಲಸ ನಡೆದಿದೆಯಾ ಅನ್ನುವುದಕ್ಕೆ ಮಾತ್ರ ಅದು ಆಧಾರವಲ್ಲ. ನಮ್ಮ ಗ್ರಂಥಾಲಯದ ಮುಂದಿನ ರಸ್ತೆಯ ಗುಂಡಿ ಬಗ್ಗೆ ಓದುಗರೊಬ್ಬರು ಆ್ಯಪ್‌ನಲ್ಲಿ ದೂರು ಹಾಕಿದ್ದರು. ಕೆಲವು ದಿನ ಬಿಟ್ಟು ‘ದೂರು ಇತ್ಯರ್ಥವಾಗಿದೆ’ ಅಂತ ಮೆಸೇಜು ಬಂತು. ಕಿಟಕಿಯಿಂದ ಬಗ್ಗಿ ನೋಡಿದರೆ ಗುಂಡಿ ಅಲ್ಲೇ ಇತ್ತು, ಮಳೆನೀರು ತುಂಬಿಕೊಂಡು. ದೂರಿನ ಕಡತ ಮುಚ್ಚಿದೆ ಅನ್ನುವ ಮಟ್ಟಿಗೆ ಆ ಮೆಸೇಜು ಸರಿ. ಗುಂಡಿ ಮುಚ್ಚಿದೆಯಾ ಅನ್ನುವುದಕ್ಕೆ ಕಿಟಕಿಯೇ ಸಾಕ್ಷಿ.

ಕಿಟಕಿಯಿಂದ ಕಾಣದಂಥವೂ ಇರುತ್ತವೆ. ಆ ರಸ್ತೆಗೆ ಎಷ್ಟು ದುಡ್ಡು ಮಂಜೂರಾಯಿತು, ಯಾರಿಗೆ ಟೆಂಡರ್ ಆಯಿತು, ಬಿಲ್ ಪಾವತಿಯಾಯಿತಾ ಅಂತ ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ‘ಗುಂಡಿ ಯಾಕೆ ಮುಚ್ಚಿಲ್ಲ’ ಅಂತ ಕೇಳಬೇಡಿ, ಅದಕ್ಕೆ ಕಾಗದ ಇರುವುದಿಲ್ಲ. ‘ಇಂಥ ರಸ್ತೆಯ ಇಂಥ ವರ್ಷದ ಕಾಮಗಾರಿಯ ಬಿಲ್ ಮತ್ತು ಅಳತೆ ಪುಸ್ತಕದ ಪ್ರತಿ ಕೊಡಿ’ ಅಂತ ಕೇಳಿ, ಇರುವ ಕಾಗದವನ್ನು ಕೇಳಿ. ಸರ್ಕಾರದ ಲೆಕ್ಕಪತ್ರದ ಬಗ್ಗೆ ಸರ್ಕಾರದ ಹೊರಗಿನವರ ಮಾತು ಬೇಕಿದ್ದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಓದಿ. ಸಂವಿಧಾನವೇ ಆ ಕೆಲಸಕ್ಕೆ ಇಟ್ಟಿರುವ ಸಂಸ್ಥೆ ಅದು. ಭಾಷೆ ಒಣಕಲು, ಆದರೂ ಓದಿ.

ಬೀದಿ ದೀಪದ ಕಥೆ

ನಂಬಿಕಸ್ಥ ಮೂಲಗಳೆಲ್ಲ ಸೇರಿಯೂ ಒಂದು ತಪ್ಪನ್ನು ಹೊತ್ತು ತಿರುಗಬಹುದು. ಇದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. ‘ಏಷ್ಯಾದಲ್ಲೇ ಮೊದಲು ವಿದ್ಯುತ್ ಬೀದಿ ದೀಪ ಕಂಡ ನಗರ ಬೆಂಗಳೂರು, 1905’. ಗೈಡುಗಳಲ್ಲಿ ಇದೆ, ಪತ್ರಿಕೆಗಳಲ್ಲಿ ಬಂದಿದೆ, ಭಾಷಣಗಳಲ್ಲಿ ಕೇಳಿದ್ದೀರಿ. ನನಗೂ ಈ ಊರಿನ ಮೇಲೆ ಅಭಿಮಾನ ಇದೆ. ಆದರೆ ಟೋಕಿಯೊದ ಗಿಂಜಾದಲ್ಲಿ 1882ರಲ್ಲೇ ವಿದ್ಯುತ್ ದೀಪ ಹೊತ್ತಿಸಿದ್ದರು. ಅದೇ ವರ್ಷ ಶಾಂಘೈನಲ್ಲೂ ಹೊತ್ತಿಸಿದ್ದರು. ನಮ್ಮ ದೇಶದೊಳಗೇ ಡಾರ್ಜಿಲಿಂಗಿನ ಸಿದ್ರಾಪಾಂಗ್ ಜಲವಿದ್ಯುತ್ ಕೇಂದ್ರ ಶುರುವಾಗಿದ್ದು 1897ರಲ್ಲಿ.

ಹಾಗಾದರೆ ಬೆಂಗಳೂರಿನ ಕಥೆಯಲ್ಲಿ ಉಳಿಯುವುದೇನು? ಬೇಕಾದಷ್ಟು ಉಳಿಯುತ್ತದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತಯಾರಾಗಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ಹೋಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಉದ್ದವಾದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಅದೇ ವಿದ್ಯುತ್ ಬೆಂಗಳೂರಿನ ಬೀದಿಗೆ ಬಂತು. ಇಷ್ಟೂ ನಿಜ, ಹೆಮ್ಮೆ ಪಡುವಂಥದ್ದೇ. ‘ಏಷ್ಯಾದಲ್ಲೇ ಮೊದಲು’ ಅನ್ನುವ ಬಾಲ ಮಾತ್ರ ನಿಲ್ಲುವುದಿಲ್ಲ.

ಇಷ್ಟು ಜನ ಹೇಗೆ ತಪ್ಪು ಬರೆದರು ಅಂತ ಕೇಳಬಹುದು. ಒಬ್ಬರು ಬರೆದಿದ್ದನ್ನು ಇನ್ನೊಬ್ಬರು ಎತ್ತಿಕೊಂಡರೆ ಅಲ್ಲಿರುವುದು ಎರಡು ಮೂಲವಲ್ಲ, ಒಂದೇ. ಐದು ಪತ್ರಿಕೆಯಲ್ಲಿ ಒಂದೇ ಸುದ್ದಿ ಕಂಡರೆ ಶುರುವಿನಲ್ಲಿ ‘ಪಿಟಿಐ’ (ಪತ್ರಿಕೆಗಳಿಗೆ ಸುದ್ದಿ ಕೊಡುವ ಸಂಸ್ಥೆ) ಅಂತ ಇದೆಯಾ ನೋಡಿ. ಇದ್ದರೆ ಐದೂ ಸೇರಿ ಒಂದು. ವಿಕಿಪೀಡಿಯ ನೋಡಿ ವರದಿಗಾರ ಬರೆದು, ಆಮೇಲೆ ಆ ವರದಿಯನ್ನೇ ವಿಕಿಪೀಡಿಯದಲ್ಲಿ ಉಲ್ಲೇಖವಾಗಿ ಕೊಟ್ಟರೆ ಸುತ್ತು ಪೂರ್ತಿಯಾಯಿತು, ಬುಡ ಎಲ್ಲೂ ಇಲ್ಲ. ವಿಕಿಪೀಡಿಯವನ್ನು ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿನ ಲೇಖನ ಓದಿ, ಕೆಳಗಿನ ಉಲ್ಲೇಖಗಳಿಗೆ ಇಳಿಯಿರಿ, ಆ ಪುಸ್ತಕ ಸಿಕ್ಕರೆ ತೆರೆಯಿರಿ, ನಿಮ್ಮ ನೋಟ್ಸಿನಲ್ಲಿ ಆ ಪುಸ್ತಕದ ಹೆಸರನ್ನೇ ಬರೆಯಿರಿ. ವಿಕಿಪೀಡಿಯದ ನಿಯಮ ಕೇಳುವುದೂ ಅಷ್ಟನ್ನೇ: ಬರೆದದ್ದಕ್ಕೆ ತೋರಿಸಲು ಒಂದು ಪ್ರಕಟಿತ ಆಧಾರ ಇರಬೇಕು, ಭಿನ್ನಾಭಿಪ್ರಾಯ ಇದ್ದರೆ ಎಲ್ಲ ಕಡೆಯನ್ನೂ ಅದರದರ ತೂಕಕ್ಕೆ ತಕ್ಕಂತೆ ಹೇಳಬೇಕು. ಇಲ್ಲಿರುವುದೆಲ್ಲ ಸತ್ಯ ಅಂತ ಅದು ಭರವಸೆ ಕೊಡುವುದಿಲ್ಲ.

ಒಂದು ಸುಲಭದ ಅಭ್ಯಾಸ ಹೇಳಿಕೊಡುತ್ತೇನೆ. ‘ಮೊದಲ’, ‘ಏಕೈಕ’, ‘ಅತಿ ದೊಡ್ಡ’, ‘ಜಗತ್ತಿನಲ್ಲೇ’ ಅನ್ನುವ ಮಾತು ಕಂಡಲ್ಲೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಎರಡನೆಯವರು ಯಾರು ಅಂತ ಹುಡುಕಿ. ಹುಡುಕುವಾಗ ನಮ್ಮೂರಿನ ಹೆಸರು ಹಾಕಿ ಹುಡುಕಬೇಡಿ, ಬೇರೆ ಊರುಗಳ ಹೆಸರು ಹಾಕಿ. ‘ಬೆಂಗಳೂರು ಮೊದಲ ಬೀದಿ ದೀಪ’ ಅಂತ ಹುಡುಕಿದರೆ ಬೆಂಗಳೂರೇ ಬರುತ್ತದೆ.

ವಾಲಿಕೆ ಇದ್ದ ಮಾತ್ರಕ್ಕೆ ಸುಳ್ಳಲ್ಲ

ಈಗ ಎರಡನೆಯದಕ್ಕೆ ಬರೋಣ. ಐಹೊಳೆ ಶಾಸನ ಪರೀಕ್ಷೆಗೆ ಓದುವವರಿಗೆಲ್ಲ ಬಾಯಿಪಾಠ. ಮೇಗುಟಿ ಜಿನಾಲಯದ ಗೋಡೆಯ ಮೇಲೆ ಕ್ರಿ.ಶ. 634–35ರಲ್ಲಿ ಕೆತ್ತಿದ್ದು. ಬರೆದವನು ರವಿಕೀರ್ತಿ, ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದ ಕವಿ. ಪುಲಕೇಶಿಯ ಮೇಲೆ ಯುದ್ಧಕ್ಕೆ ಬಂದ ಉತ್ತರದ ದೊರೆ ಹರ್ಷನ ಹರ್ಷವೆಲ್ಲ ಭಯದಿಂದ ಹಾರಿಹೋಯಿತು ಅಂತ ಬರೆಯುತ್ತಾನೆ. ಅದೇ ಶಾಸನದಲ್ಲಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೂ ಸೇರಿಸಿಕೊಳ್ಳುತ್ತಾನೆ. ಇದಕ್ಕಿಂತ ಒಂದು ಕಡೆಗೆ ವಾಲಿದ ಮೂಲ ಇನ್ನೊಂದು ಬೇಕೆ? ರಾಜನ ಅನ್ನ ಉಂಡವನು ರಾಜನನ್ನು ಹೊಗಳಿದ್ದಾನೆ. ಹಾಗಂತ ಎತ್ತಿ ಆಚೆ ಇಡಬೇಕಾ?

ಅದೇ ಕಾಲಕ್ಕೆ ಚೀನಾದಿಂದ ಬಂದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಇದ್ದ. ಅವನು ಹರ್ಷನ ಗೌರವದ ಅತಿಥಿ, ಹರ್ಷನನ್ನು ಮನಸಾರೆ ಮೆಚ್ಚಿದವನು. ಅವನ ಬರಹದಲ್ಲೂ, ಹರ್ಷ ದೊಡ್ಡ ಸೈನ್ಯ ಕೂಡಿಸಿಕೊಂಡು ಖುದ್ದಾಗಿ ಹೋದರೂ ಈ ಕಡೆಯ ಜನರನ್ನು ಗೆಲ್ಲಲಾಗಲಿಲ್ಲ ಅಂತ ಇದೆ. ಪುಲಕೇಶಿಯ ಕವಿ ಹೇಳಿದ್ದನ್ನು ಹರ್ಷನ ಸ್ನೇಹಿತ ಒಪ್ಪಿದ್ದಾನೆ. ಇಬ್ಬರೂ ನಿಷ್ಪಕ್ಷಪಾತಿಗಳಲ್ಲ. ಆದರೆ ಒಬ್ಬರಿಗೊಬ್ಬರು ಎದುರಿನ ಕಡೆ ನಿಂತವರು ಒಂದೇ ಮಾತು ಹೇಳಿದಾಗ ಆ ಮಾತಿಗೆ ಬರುವ ತೂಕ, ಯಾರ ಕಡೆಯೂ ಇಲ್ಲದ ಒಬ್ಬನ ಮಾತಿಗೂ ಸುಲಭವಾಗಿ ಬರುವುದಿಲ್ಲ. ತನ್ನವರಿಗೆ ಮುಜುಗರ ಆಗುವಂಥದ್ದನ್ನು ಯಾರಾದರೂ ಹೇಳಿದರೆ ಕಿವಿಗೊಟ್ಟು ಕೇಳಿ. ಇಂದಿನ ಪತ್ರಿಕೆ ಓದುವಾಗಲೂ ಇದು ಕೆಲಸಕ್ಕೆ ಬರುತ್ತದೆ. ಆಡಳಿತ ಪಕ್ಷದ ಶಾಸಕರೇ ‘ನಮ್ಮ ಕ್ಷೇತ್ರಕ್ಕೆ ಅನುದಾನ ಬಂದಿಲ್ಲ’ ಅಂದರೆ, ವಿರೋಧ ಪಕ್ಷದವರು ಅದೇ ಮಾತು ಹೇಳಿದ್ದಕ್ಕಿಂತ ಹೆಚ್ಚು ಗಮನ ಕೊಡಬೇಕು.

ಈ ಯುದ್ಧ ನಡೆದದ್ದು ಯಾವಾಗ ಅನ್ನುವುದು ಇನ್ನೂ ಸ್ವಾರಸ್ಯದ ವಿಷಯ. ಹಳೆಯ ಪುಸ್ತಕಗಳಲ್ಲಿ 630ರ ಆಚೀಚೆಯ ಇಸವಿಗಳಿವೆ. 2016ರಲ್ಲಿ ಪುಣೆಯ ಭಂಡಾರ್ಕರ್ ಸಂಸ್ಥೆಯ ಸಂಶೋಧಕರು 619ರ ತಾಮ್ರಶಾಸನವೊಂದರ ಆಧಾರದ ಮೇಲೆ ಯುದ್ಧ 618–19ರ ಚಳಿಗಾಲದ್ದು ಅಂತ ತೋರಿಸಿದರು. ಇದನ್ನು ಹೇಳಿದಾಗ ವಿಜಯಪುರದ ಹುಡುಗಿಯೊಬ್ಬಳು ಥಟ್ಟನೆ ಕೇಳಿದಳು: “ಹಂಗಾರ ಪರೀಕ್ಷಾದಾಗ ಯಾವ್ದು ಬರೀಬೇಕ್ರೀ ಮೇಡಂ?” ಒಳ್ಳೆಯ ಪ್ರಶ್ನೆ. ಬಹು ಆಯ್ಕೆಯ ಪ್ರಶ್ನೆಯಲ್ಲಿ ಪ್ರಮಾಣಿತ ಪಠ್ಯಪುಸ್ತಕದಲ್ಲಿ ಇರುವುದನ್ನೇ ಗುರುತು ಮಾಡು, ವಿವರಿಸಿ ಬರೆಯುವ ಪ್ರಶ್ನೆಯಲ್ಲಿ ಎರಡನ್ನೂ ಬರೆದು ತಾಮ್ರಶಾಸನದ ವಿಷಯ ಸೇರಿಸು ಅಂತ ಹೇಳಿದೆ. ಪಠ್ಯಪುಸ್ತಕ ನಂಬಿಕಸ್ಥವೇ. ಹೊಸ ಆಧಾರ ಸಿಕ್ಕಿದಾಗ ಅದರೊಳಗೆ ಬಂದು ಕೂರಲು ವರ್ಷಗಟ್ಟಲೆ ಹಿಡಿಯುತ್ತದೆ, ಅಷ್ಟೆ. ಅಷ್ಟು ದಿನ ನಂಬಿಕಸ್ಥವಾದದ್ದಕ್ಕೂ ನಿಜಕ್ಕೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ.

ನಿಷ್ಪಕ್ಷಪಾತ ಕಂಡ ಮಾತ್ರಕ್ಕೆ ನಿಜವಲ್ಲ

ಇದರ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. 2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ಆಯಿತು. ಕರಾವಳಿ, ಕೊಡಗಿನ ಕಡೆ ಪೂರ್ತಿ ಕಂಕಣ, ಬೆಂಗಳೂರಿನಲ್ಲಿ ಸೂರ್ಯನ ಬಹುಪಾಲು ಮುಚ್ಚಿತ್ತು. ಗ್ರಹಣ ಬಂತೆಂದರೆ ಟಿವಿಯಲ್ಲಿ ಒಂದು ಕಿಟಕಿಯಲ್ಲಿ ಜ್ಯೋತಿಷಿ, ಇನ್ನೊಂದು ಕಿಟಕಿಯಲ್ಲಿ ವಿಜ್ಞಾನಿ ಕೂರುತ್ತಾರೆ. ಇಬ್ಬರಿಗೂ ಸಮ ಸಮ ಸಮಯ. ನಿರೂಪಕರು ಯಾರ ಪರವೂ ಮಾತಾಡುವುದಿಲ್ಲ. ನೋಡುವವರಿಗೆ ‘ಎರಡೂ ಕಡೆ ಕೇಳಿಸಿದರು, ನ್ಯಾಯವಾಗಿದೆ’ ಅನ್ನಿಸುತ್ತದೆ. ಗ್ರಹಣದ ಹೊತ್ತಿನಲ್ಲಿ ಊಟ ಮಾಡಿದರೆ ಕೆಡುಕಾಗುತ್ತದೋ ಇಲ್ಲವೋ ಅನ್ನುವುದು ಇಬ್ಬರ ಅಭಿಪ್ರಾಯವನ್ನು ಅರ್ಧರ್ಧ ಹಂಚುವ ವಿಷಯವೇ ಅಲ್ಲ. ಚಂದ್ರನ ನೆರಳು ಅನ್ನದಲ್ಲಿ ಏನನ್ನೂ ಬದಲಿಸುವುದಿಲ್ಲ. ಬರಿಗಣ್ಣಿನಲ್ಲಿ ಸೂರ್ಯನನ್ನು ನೋಡಿದರೆ ಮಾತ್ರ ಕಣ್ಣಿಗೆ ಅಪಾಯ, ಅದು ಗ್ರಹಣ ಇಲ್ಲದ ದಿನವೂ ಅಪಾಯವೇ. ಆ ದಿನ ಕಲಬುರಗಿ ಹತ್ತಿರದ ಹಳ್ಳಿಯೊಂದರಲ್ಲಿ ಅಂಗವೈಕಲ್ಯ ಇದ್ದ ಮಕ್ಕಳನ್ನು, ವಾಸಿಯಾಗುತ್ತದೆ ಅಂತ ನಂಬಿ, ಕುತ್ತಿಗೆವರೆಗೆ ಮಣ್ಣಿನಲ್ಲಿ ಹೂತಿದ್ದರು. ಸುದ್ದಿ ನಾಡಿಗೆಲ್ಲ ಗೊತ್ತಾಯಿತು. ಆ ತಾಯಂದಿರನ್ನು ನಾನು ಬೈಯುವುದಿಲ್ಲ. ‘ಕೆಲವರು ಹೀಗೆನ್ನುತ್ತಾರೆ, ಕೆಲವರು ಹಾಗೆನ್ನುತ್ತಾರೆ’ ಅಂತ ಹೇಳಿ ಎದ್ದು ಹೋಗುವವರ ಮೇಲೆ ನನ್ನ ಸಿಟ್ಟು.

ಹಾಗಾದರೆ ಎರಡೂ ಕಡೆ ಕೇಳುವುದು ಯಾವಾಗ ಬೇಕು? ಅಭಿಪ್ರಾಯ, ಹಕ್ಕು, ಹಂಚಿಕೆಯ ವಿಷಯ ಬಂದಾಗ ಬೇಕೇ ಬೇಕು. ಕಾವೇರಿಯನ್ನೇ ತೆಗೆದುಕೊಳ್ಳಿ. 2018ರ ಫೆಬ್ರುವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ನ್ಯಾಯಮಂಡಳಿ ಕರ್ನಾಟಕಕ್ಕೆ ಕೊಟ್ಟಿದ್ದ 270 ಟಿಎಂಸಿ 284.75 ಆಯಿತು, ತಮಿಳುನಾಡಿನ 419 ಟಿಎಂಸಿ 404.25ಕ್ಕೆ ಇಳಿಯಿತು. ಕೇರಳದ 30, ಪುದುಚೇರಿಯ 7 ಹಾಗೇ ಉಳಿದವು. ಗಡಿಯ ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಬಂತು. ಕರ್ನಾಟಕಕ್ಕೆ ಹೆಚ್ಚಾದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಮಂಡ್ಯದಲ್ಲಿ ಕೂತು ಓದಿದವರಿಗೂ ತಂಜಾವೂರಿನಲ್ಲಿ ಕೂತು ಓದಿದವರಿಗೂ ಈ ಅಂಕಿ ಒಂದೇ. ಬದಲಾಗುವುದು ‘ನ್ಯಾಯ ಸಿಕ್ಕಿತು’, ‘ಅನ್ಯಾಯ ಆಯಿತು’ ಅನ್ನುವ ಮಾತು. ಅಂಕಿಗೆ ತೀರ್ಪಿನ ಪ್ರತಿ ನೋಡಿ. ಅನ್ನಿಸಿಕೆಗೆ ಎರಡೂ ಕಡೆಯ ಪತ್ರಿಕೆ ಓದಿ, ತಮಿಳು ಬಾರದಿದ್ದರೆ ಅಲ್ಲಿಂದ ಬರುವ ಇಂಗ್ಲಿಷ್ ಪತ್ರಿಕೆ ಓದಿ. ನಾನು ಕನ್ನಡದವಳು, ಬೆಂಗಳೂರಿನ ನಲ್ಲಿಯಲ್ಲಿ ಕಾವೇರಿ ನೀರು ಹಿಡಿಯುವವಳು. ಈ ವಿಷಯದಲ್ಲಿ ನಾನು ತಟಸ್ಥಳಲ್ಲ. ಆದರೂ 404.25ನ್ನು 404.25 ಅಂತಲೇ ಓದಿ ಹೇಳಬಲ್ಲೆ. ಕಡೆ ಹಿಡಿದವರೂ ಅಂಕಿಯನ್ನು ನೆಟ್ಟಗೆ ಹೇಳಬಹುದು, ಹೇಳಲೇಬೇಕು.

ವಾಲಿಕೆ ಎಲ್ಲಿದೆ ಅಂತ ಗುರುತಿಸಲು ವರದಿಯ ಕ್ರಿಯಾಪದ ನೋಡಿ. ಒಬ್ಬ ಮಂತ್ರಿ ‘ಹೇಳಿದರು’, ಇನ್ನೊಬ್ಬರು ‘ಬಾಯಿಬಿಟ್ಟರು’. ಒಂದು ಗುಂಪು ‘ಮನವಿ ಸಲ್ಲಿಸಿತು’, ಇನ್ನೊಂದು ‘ರಂಪಾಟ ಮಾಡಿತು’. ನಡೆದದ್ದು ಒಂದೇ ಥರ ಇರಬಹುದು. ಆಮೇಲೆ ಯಾರ ಮಾತಿಗೆ ಮೊದಲ ಮೂರು ಪ್ಯಾರಾ ಸಿಕ್ಕಿದೆ, ಯಾರದು ಕೊನೆಯ ಸಾಲಿನಲ್ಲಿದೆ ನೋಡಿ. ‘ಎನ್ನಲಾಗಿದೆ’ ಅಂತ ಇದ್ದರೆ, ಅಂದವರು ಯಾರು ಅಂತ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ನಿಜವನ್ನು ಹತ್ತಿರದಿಂದ ನೋಡುವುದು

ಸುಳ್ಳು ಸುದ್ದಿಯಲ್ಲಿ ಎಲ್ಲವೂ ಸುಳ್ಳಿರುವುದು ಕಡಿಮೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ಹಬ್ಬಿದಾಗ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೊ ಇತ್ತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಕಣ್ಣಿಗೆ ಕಾಣುವುದು ಅಷ್ಟೂ ನಡೆದದ್ದೇ, ಕ್ಯಾಮೆರಾ ಮುಂದೆ. ಅದು ಮಕ್ಕಳ ಸುರಕ್ಷತೆಯ ಬಗ್ಗೆ ಕರಾಚಿಯಲ್ಲಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ವಾಪಸು ತಂದುಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಭಾಗವನ್ನು ಕತ್ತರಿಸಿ ಹರಿಬಿಟ್ಟಿದ್ದರು. ಆ ವರ್ಷದ ಮೇ ತಿಂಗಳಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳ ಅಂತ ಜನ ಹೊಡೆದು ಕೊಂದರು. ಹಾಗಾಗಿ ವಿಡಿಯೊ, ಫೋಟೊ ಬಂದಾಗ ‘ಇದು ಅಸಲಿಯಾ’ ಅಂತ ಕೇಳಿ ಸುಮ್ಮನಾಗಬೇಡಿ. ಎಲ್ಲಿಯದು, ಯಾವಾಗಿನದು, ಮುಂದೇನಿತ್ತು, ಹಿಂದೇನಿತ್ತು ಅಂತ ಕೇಳಿ. ವಿಡಿಯೊದ ಒಂದು ಚಿತ್ರವನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯದು ಎಷ್ಟೋ ಸಲ ಅಲ್ಲೇ ಸಿಕ್ಕಿಬಿಡುತ್ತದೆ. ಅಂಗಡಿ ಬೋರ್ಡಿನ ಲಿಪಿ, ವಾಹನದ ನಂಬರ್ ಪ್ಲೇಟು, ಬಿಸಿಲೋ ಮಳೆಯೋ, ಇಷ್ಟನ್ನು ಬರಿಗಣ್ಣಿನಲ್ಲೇ ನೋಡಬಹುದು.

2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ತಮ್ಮ ಮೇಲೆ ದಾಳಿ ಆಗುತ್ತದೆ ಅನ್ನುವ ವದಂತಿಗೆ ಹೆದರಿ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯಿತು. ಹಬ್ಬಿದ್ದು ಎಸ್‌ಎಂಎಸ್ ಮತ್ತು ಬಾಯಿಮಾತಿನಲ್ಲಿ. ಕೊನೆಗೆ ಕೇಂದ್ರ ಸರ್ಕಾರ ಹದಿನೈದು ದಿನ, ದಿನಕ್ಕೆ ಐದೇ ಎಸ್‌ಎಂಎಸ್ ಅಂತ ಮಿತಿ ಹಾಕಿತು. ಆ ಎಸ್‌ಎಂಎಸ್‌ಗಳು ಬಹುಪಾಲು ಬಂದದ್ದು ಗೊತ್ತಿರುವವರಿಂದ: ಅಣ್ಣನಿಂದ, ಊರಿನ ಗೆಳೆಯನಿಂದ. ಕಳಿಸಿದವರು ನಂಬಿಕಸ್ಥರೇ, ನಿಮ್ಮ ಒಳ್ಳೆಯದನ್ನೇ ಬಯಸಿದವರು. ಅವರಿಗೆ ಯಾರು ಹೇಳಿದರು ಅನ್ನುವುದೇ ಅಲ್ಲಿ ಕೇಳಬೇಕಾದ ಪ್ರಶ್ನೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ ಏನೋ ಹಾಕಿದಾಗ ‘ಸುಳ್ಳು’ ಅಂತ ಎಲ್ಲರೆದುರು ಬರೆಯಬೇಡಿ. ಅವರ ಮನಸ್ಸೂ ನೋಯುತ್ತದೆ, ಮೆಸೇಜೂ ಅಲ್ಲೇ ಉಳಿಯುತ್ತದೆ. ‘ದೊಡ್ಡಪ್ಪಾ, ಇದು ನಿಮಗೆ ಯಾರು ಕಳಿಸಿದ್ದು, ಯಾವತ್ತಿನದು ಅಂತ ಕೇಳ್ತೀರಾ?’ ಅಂತ ಅವರಿಗೇ ಫೋನ್ ಮಾಡಿ.

ಇನ್ನು ತಾರೀಖು. ಒಂದು ಕಾಲಕ್ಕೆ ನಿಜವಾಗಿದ್ದದ್ದು ಈಗ ಇರದೇ ಹೋಗಬಹುದು. ಕರ್ನಾಟಕದ ಜಿಲ್ಲೆಗಳು 30 ಅಂತ ಇರುವ ನೋಟ್ಸು ಈಗಲೂ ಕೈಯಿಂದ ಕೈಗೆ ಓಡಾಡುತ್ತಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ 31. ರಾಮನಗರ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆ ಬಂದವು. 2019ರ ಪುಸ್ತಕ ಇದನ್ನು ಹೇಳದಿದ್ದರೆ ಪುಸ್ತಕದ ತಪ್ಪಲ್ಲ. ಮುದ್ರಣದ ವರ್ಷ ನೋಡದೆ ಓದಬೇಡಿ, ಅಷ್ಟೇ.

ಕೀ ಉತ್ತರಕ್ಕೆ ಆಕ್ಷೇಪಣೆ ಬರೆಯುವಾಗ

ಇದೆಲ್ಲ ನೇರವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಪರೀಕ್ಷೆ ಮುಗಿದ ಮೇಲೆ ತಾತ್ಕಾಲಿಕ ಕೀ ಉತ್ತರ, ಅಂದರೆ ಸರಿಯುತ್ತರಗಳ ಪಟ್ಟಿ ಬಿಡುತ್ತಾರೆ, ಆಕ್ಷೇಪಣೆಗೆ ಕೆಲವೇ ದಿನ ಕೊಡುತ್ತಾರೆ. ಒಂದು ಅಂಕಕ್ಕೆ ಎಷ್ಟು ಜನ ಮುಂದೆ ಹೋಗುತ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ‘ನನ್ನ ಉತ್ತರವೇ ನಿಜ’ ಅಂತ ಎರಡು ಪುಟ ಬರೆಯಬೇಡಿ. ತಜ್ಞರ ಸಮಿತಿಯ ಮುಂದೆ ಹೋಗುವುದು ನೀವು ಲಗತ್ತಿಸಿದ ಆಧಾರ, ಅದು ನಂಬಿಕಸ್ಥವಾಗಿರಬೇಕು. ಕೋಚಿಂಗ್ ಸೆಂಟರಿನ ನೋಟ್ಸು, ಯೂಟ್ಯೂಬ್ ವಿಡಿಯೊದ ಸ್ಕ್ರೀನ್‌ಶಾಟು, ಪ್ರಶ್ನೋತ್ತರದ ಗೈಡು, ಇವು ಮೂರೂ ನಿಲ್ಲುವುದು ಕಷ್ಟ. ಯಾಕಂದರೆ ಅವು ಬೇರೆಲ್ಲಿಂದಲೋ ತೆಗೆದುಕೊಂಡವು, ಎಲ್ಲಿಂದ ಅಂತ ಹೇಳುವುದೂ ಇಲ್ಲ. ಕಾಯ್ದೆ ಬಗ್ಗೆ ಪ್ರಶ್ನೆಯಾದರೆ ಕಾಯ್ದೆಯ ಕಲಂ, ಜಿಲ್ಲೆ ಅಥವಾ ಆದೇಶದ್ದಾದರೆ ರಾಜ್ಯಪತ್ರ, ಜನಸಂಖ್ಯೆಯಾದರೆ ಜನಗಣತಿ ಕೋಷ್ಟಕ, ರಾಜ್ಯದ ಆದಾಯ, ಬೆಳೆ, ಯೋಜನೆಯಾದರೆ ಆ ವರ್ಷದ ಆರ್ಥಿಕ ಸಮೀಕ್ಷೆ, ಇತಿಹಾಸವಾದರೆ ಪಠ್ಯಪುಸ್ತಕ, ಜೊತೆಗೆ ವಿಶ್ವವಿದ್ಯಾಲಯ ಮಟ್ಟದ ಇನ್ನೊಂದು ಪುಸ್ತಕ.

ಪ್ರತಿಯೊಂದಕ್ಕೂ ಮೂರು ಪುಟದ ಪ್ರತಿ ತೆಗೆಸಿ: ಮುಖಪುಟ, ಮುದ್ರಣದ ವರ್ಷ ಇರುವ ಹಿಂಬದಿ ಪುಟ, ವಿಷಯ ಇರುವ ಪುಟ. ಆ ಸಾಲಿನ ಪಕ್ಕ ಒಂದು ಗೆರೆ ಎಳೆಯಿರಿ, ಪುಟವನ್ನೆಲ್ಲ ಹಳದಿ ಮಾಡಬೇಡಿ. ಎರಡು ನಂಬಿಕಸ್ಥ ಪುಸ್ತಕ ಎರಡು ಉತ್ತರ ಹೇಳುತ್ತಿದ್ದರೆ, ನಿಮಗೆ ಅನುಕೂಲವಾದ ಒಂದನ್ನು ಮಾತ್ರ ಹಾಕಿ ಇನ್ನೊಂದನ್ನು ಮುಚ್ಚಿಡಬೇಡಿ. ಎರಡನ್ನೂ ಲಗತ್ತಿಸಿ, ಈ ಪ್ರಶ್ನೆಗೆ ಎರಡು ಉತ್ತರಕ್ಕೆ ಆಧಾರ ಇದೆ ಅಂತ ನೇರವಾಗಿ ಬರೆಯಿರಿ. ಹೇಗಿದ್ದರೂ ಇನ್ನೊಬ್ಬ ಅಭ್ಯರ್ಥಿ ಆ ಎರಡನೇ ಪುಸ್ತಕ ತಂದೇ ತರುತ್ತಾನೆ.

ಗೆಜೆಟಿಯರ್, ಜನಗಣತಿ ಕೈಪಿಡಿ, ಹಳೆಯ ಆರ್ಥಿಕ ಸಮೀಕ್ಷೆಗಳು ಆಕರ ಗ್ರಂಥಗಳ ಕಪಾಟಿನಲ್ಲಿ ಇರುತ್ತವೆ. ಮನೆಗೆ ಕೊಡುವುದಿಲ್ಲ, ಅಲ್ಲೇ ಕೂತು ನೋಡಬೇಕು. ಕಪಾಟಿಗೆ ಬೀಗ ಹಾಕಿರುವುದು ಕಂಡು ವಾಪಸು ಹೋಗುವವರೇ ಜಾಸ್ತಿ. ಕೌಂಟರಿನಲ್ಲಿ ಕೇಳಿ, ತೆಗೆದುಕೊಡುತ್ತಾರೆ. ನಿಮ್ಮ ಬಡಾವಣೆಯ ಶಾಖೆಯಲ್ಲಿ ಇಲ್ಲದಿದ್ದರೆ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗಿ. ಹೋಗುವಾಗ ಮೊದಲೇ ಬರೆದುಕೊಂಡ ಆ ಒಂದು ವಾಕ್ಯದ ಚೀಟಿ ಜೊತೆಗಿರಲಿ. ಮತ್ತೆ, ಆಕ್ಷೇಪಣೆಯ ಕೊನೆಯ ದಿನ ಸಂಜೆ ಬಾಗಿಲು ಹಾಕುವ ಹೊತ್ತಿಗೆ ಓಡಿ ಬರಬೇಡಿ, ಜೆರಾಕ್ಸ್ ಅಂಗಡಿಯಲ್ಲೂ ಅವತ್ತು ರಶ್ಶು. ಕೀ ಉತ್ತರ ಬಂದ ಮರುದಿನ ಬೆಳಿಗ್ಗೆಯೇ ಬನ್ನಿ.